ಕುಡಿಯುವ ವಯಸ್ಸು ಎಷ್ಟಿರಬೇಕು? ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೆಲವು ಮಾತು

(ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ನಮ್ಮ ಮಹಿಳಾ ವಿಭಾಗದಲ್ಲಿ ಮಧುಮೇಹ, ಮ್ಯೂಚುವಲ್ ಫಂಡ್, ಮಕ್ಕಳ ಹತ್ತನೇ ತರಗತಿ ಎಲ್ಲದರ ಬಗ್ಗೆಯೂ ಮಾತು ಆಗಿದೆ. ಮದ್ಯದ ಬಗ್ಗೆ ಆದದ್ದು ಕಡಿಮೆ. ಆದರೂ ಅದು "ಕುಡಿತ ಕೆಟ್ಟದ್ದು" ಎಂಬಲ್ಲಿಗೆ ಮುಗಿಯುತ್ತದೆ, ಎಲ್ಲರೂ ತಲೆಯಾಡಿಸುತ್ತೇವೆ, ಚಹಾ ಬರುತ್ತದೆ. ಇವತ್ತು ನಾನು ಕೇಳಬೇಕೆಂದಿರುವುದು ಬೇರೆಯೇ ಪ್ರಶ್ನೆ. ಅಂಗಡಿಯಲ್ಲೋ ಹೋಟೆಲಿನಲ್ಲೋ ಒಬ್ಬರಿಗೆ ಮದ್ಯ ಕೊಡಬೇಕಾದರೆ ಅವರಿಗೆ ಕನಿಷ್ಠ ಎಷ್ಟು ವಯಸ್ಸಾಗಿರಬೇಕು? 18? 21? 25? ಒಂದೊಂದು ದೇಶ ಒಂದೊಂದು ಉತ್ತರ ಹೇಳಿದೆ. ಹೇಳಿ, ಬದಲಾಯಿಸಿ, ಮತ್ತೆ ಮೊದಲಿನದಕ್ಕೇ ಬಂದ ದೇಶಗಳೂ ಇವೆ.

ನನಗೇಕೆ ಈ ಉಸಾಬರಿ ಎಂದರೆ, ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂತೆ ನಮ್ಮದು ಪರ್ಮಿಟ್ ರೂಮ್ ಇರುವ ಹೋಟೆಲು. ವಾರಕ್ಕೆ ನಾಲ್ಕು ಸಂಜೆ ಗಲ್ಲಾದಲ್ಲಿ ನಾನೇ ಕೂರುತ್ತೇನೆ. ಮುಂಬಯಿ, ಠಾಣೆ, ಪುಣೆಗಳಲ್ಲಿ ನಮ್ಮ ಕರಾವಳಿಯವರ ಎಷ್ಟೋ ಮನೆಗಳ ಅನ್ನ ಈ ವ್ಯವಹಾರದಿಂದಲೇ ಬಂದದ್ದು. ಹಾಗಾಗಿ ನಾನು ನಿಂತು ಪಾನನಿಷೇಧದ ಭಾಷಣ ಮಾಡಿದರೆ ನೀವು ನಗಬೇಕು. ಮಾಡುವುದಿಲ್ಲ. ವಯಸ್ಸಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ನಮ್ಮ ಮಹಾರಾಷ್ಟ್ರದ ಲೆಕ್ಕ ಹೇಳಿಬಿಡುತ್ತೇನೆ. ಇಲ್ಲಿ ಬಿಯರ್ ಮತ್ತು ವೈನಿಗೆ 21 ವರ್ಷ, ವಿಸ್ಕಿ, ರಮ್ಮಿನಂಥ ಖಡಕ್ ಮದ್ಯಕ್ಕೆ 25. ಅಷ್ಟೇ ಅಲ್ಲ, ಕುಡಿಯುವವರ ಹತ್ತಿರ ಸರಕಾರದ ಪರವಾನಗಿ ಇರಬೇಕು. ಒಂದು ದಿನದ್ದಕ್ಕೆ 5 ರೂಪಾಯಿ, ಒಂದು ವರ್ಷದ್ದಕ್ಕೆ 100, ಆಜೀವಕ್ಕೆ 1000. ಇದು 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ಬಾಲ. ಬೋರ್ಡಿನ ಮೇಲೆ 'ಪರ್ಮಿಟ್ ರೂಮ್' ಎಂದು ಬರೆದಿರುವುದೂ ಅದಕ್ಕೇ. ಆ ಪರವಾನಗಿಯ ಪ್ರಕಾರ ಗಿರಾಕಿ ಕುಡಿಯುತ್ತಿರುವುದು ತನ್ನ ಆರೋಗ್ಯವನ್ನು ಕಾಪಾಡಿಕೊಳ್ಳಲು! ರಾತ್ರಿ ಹನ್ನೊಂದರ ಹೊತ್ತಿಗೆ ಕೆಲವರ ಆರೋಗ್ಯ ಎಷ್ಟು ಚೆನ್ನಾಗಿರುತ್ತದೆ ಎಂದು ನಾನು ನೋಡಿದ್ದೇನೆ.

ಈಗ ಒಂದು ಮೇಜಿನ ಸುತ್ತ ನಾಲ್ವರು ಗೆಳೆಯರು ಕುಳಿತಿದ್ದಾರೆ ಅಂದುಕೊಳ್ಳಿ. 20, 22, 24, 26 ವಯಸ್ಸಿನವರು. ಒಬ್ಬನಿಗೆ ಏನೂ ಕೊಡುವಂತಿಲ್ಲ, ಇಬ್ಬರಿಗೆ ಬಿಯರ್ ಮಾತ್ರ, ಒಬ್ಬನಿಗೆ ವಿಸ್ಕಿ ಕೊಡಬಹುದು. ಇದನ್ನು ಕಾರ್ಡು ಕೇಳಿ, ನೋಡಿ, ತೀರ್ಮಾನಿಸಬೇಕಾದವನು ಯಾರು? ಕುಂದಾಪುರದ ಕಡೆಯಿಂದ ಬಂದು ಎರಡು ವರ್ಷವಾಗಿರುವ ವೇಟರ್. ಅವನಿಗೇ 23. ಎದುರಿಗೆ ಕುಳಿತವರು ಕಾರಿನಲ್ಲಿ ಬಂದವರು. ಒಮ್ಮೆ ನಮ್ಮ ಹುಡುಗ ಹೀಗೆ ಕಾರ್ಡು ಕೇಳಿದ್ದಕ್ಕೆ ಮರುದಿನ ಒಬ್ಬ ತಂದೆ ಫೋನು ಮಾಡಿ, "ನನ್ನ ಮಗ ಇಂಜಿನಿಯರ್, ಅವನ ವಯಸ್ಸು ಕೇಳಲು ನಿಮ್ಮ ವೇಟರ್ ಯಾರು?" ಎಂದು ಕೂಗಾಡಿದರು. ಇಂಜಿನಿಯರ್ ಸಾಹೇಬರಿಗೆ 22 ವರ್ಷ. ಕೇಳಿದ್ದು ರಮ್.

ಇನ್ನೊಂದು ಮಾತು ಹೆಂಗಸರ ಸಭೆಯಾದ್ದರಿಂದ ಹೇಳುತ್ತೇನೆ. ಹುಡುಗಿಯರ ಮೇಜಿಗೆ ಹೋಗಿ ಕಾರ್ಡು ಕೇಳಲು ಯಾವ ವೇಟರಿಗೂ ಹೆದರಿಕೆಯಿಲ್ಲ. ಪಕ್ಕದ ಮೇಜಿನವರೂ ತಿರುಗಿ ನೋಡಿ ಬೆಂಬಲ ಕೊಡುತ್ತಾರೆ. ಹುಡುಗರ ಮೇಜಿಗೆ ಹೋಗುವಾಗಲೇ ಕಾಲು ಹಿಂಜರಿಯುವುದು.

ನಮ್ಮ ಸಂಘದ ಈ ಸಂಚಿಕೆಯನ್ನು ಚೆನ್ನೈ, ಹೈದರಾಬಾದು, ದಿಲ್ಲಿಯಲ್ಲಿರುವ ಕನ್ನಡಿಗರೂ ಓದುತ್ತಾರೆ. ಅವರ ಊರಿನಲ್ಲಿ ಲೆಕ್ಕ ಬೇರೆ. ಸಂವಿಧಾನದಲ್ಲಿ ಮದ್ಯ ರಾಜ್ಯಗಳಿಗೆ ಬಿಟ್ಟ ವಿಷಯ. ತೆಲಂಗಾಣ, ತಮಿಳುನಾಡಿನಲ್ಲಿ 21. ಚೆನ್ನೈಯಿಂದ ಸಮುದ್ರದ ದಂಡೆಯ ರಸ್ತೆ ಹಿಡಿದು ಪುದುಚೇರಿ ತಲುಪಿದರೆ 18. ಕೇರಳದಲ್ಲಿ 21 ಇದ್ದದ್ದನ್ನು 2017ರಲ್ಲಿ 23 ಮಾಡಿದರು. ದಿಲ್ಲಿಯಲ್ಲಿ 25. ಅದನ್ನು 21ಕ್ಕೆ ಇಳಿಸುವ ಮಾತು 2021ರಲ್ಲಿ ಜೋರಾಗಿ ನಡೆದು ನಿಂತುಹೋಯಿತು. ಆದರೆ ಅದೇ ವರ್ಷ ಹರಿಯಾಣ 25ರಿಂದ 21ಕ್ಕೆ ಇಳಿಸಿತು. ಹೀಗಾಗಿ 22ರ ಹುಡುಗ ದಿಲ್ಲಿಯಲ್ಲಿ ಅಪರಾಧಿ, ಮೆಟ್ರೋ ಹತ್ತಿ ಗುರುಗ್ರಾಮದಲ್ಲಿ ಇಳಿದರೆ ಗೌರವಸ್ಥ ಗಿರಾಕಿ. ಗುಜರಾತ್, ಬಿಹಾರದಲ್ಲಿ ಯಾವ ವಯಸ್ಸಿಗೂ ಇಲ್ಲ. ನಮ್ಮ ಕರ್ನಾಟಕದಲ್ಲಿ ಇನ್ನೊಂದು ಚೋದ್ಯ. 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ತರುವ ಕರಡು ಹೊರಡಿಸಿದರು. ವಿರೋಧ ಬಂತು, ಕೆಲವೇ ದಿನಗಳಲ್ಲಿ ವಾಪಸು ತೆಗೆದುಕೊಂಡರು.

ಈ ಗಡಿ ದಾಟುವ ಆಟ ನಮ್ಮ ದೇಶಕ್ಕೆ ಹೊಸದು ಇರಬಹುದು. ಅಮೆರಿಕದವರು ಇದನ್ನು ಆಡಿ, ಹೆಣಗಳನ್ನು ಎಣಿಸಿ, ಮುಗಿಸಿದ್ದಾರೆ. ಆ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದರಲ್ಲಿ ಮೂವರು ಹೆಂಗಸರಿದ್ದಾರೆ.

ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದರು. ವಿಯೆಟ್ನಾಂ ಯುದ್ಧಕ್ಕೆ 18ರ ಹುಡುಗರನ್ನು ಕಳಿಸುತ್ತಿದ್ದ ಕಾಲ. ಸಾಯಲು ವಯಸ್ಸಾಗಿದೆ, ಮತ ಹಾಕಲು ಆಗಿಲ್ಲವೇ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಅದರ ಬೆನ್ನಿಗೇ, ಮತ ಹಾಕಬಹುದಾದರೆ ಬಿಯರ್ ಯಾಕೆ ಬೇಡ ಎಂದು ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ 18ಕ್ಕೋ 19ಕ್ಕೋ ಇಳಿಸಿದವು. ಕೆಲವು ಇಳಿಸಲಿಲ್ಲ, ಕೆಲವು ಇಳಿಸಿ ಮತ್ತೆ ಏರಿಸಿದವು. ಇಲಿನಾಯ್ ರಾಜ್ಯ 1980ರಲ್ಲಿ 21ಕ್ಕೆ ಏರಿಸಿತು, ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಇನ್ನೂ 18. ಹುಡುಗರು ಸಂಜೆ ಕಾರು ತೆಗೆದುಕೊಂಡು ಗಡಿ ದಾಟುವುದು, ಕುಡಿದು ನಡುರಾತ್ರಿ ಅದೇ ಕಾರಿನಲ್ಲಿ ವಾಪಸಾಗುವುದು. ಇಂಥ ಗಡಿಗಳಿಗೆ ಅಲ್ಲಿನವರು 'ರಕ್ತದ ಗಡಿ' ಎಂದೇ ಹೆಸರಿಟ್ಟರು.

1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾರಿ ಎಂಬ 13 ವರ್ಷದ ಹುಡುಗಿ ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿದ್ದಳು. ಕುಡಿದವನ ಕಾರು ಹಿಂದಿನಿಂದ ಬಂದು ಗುದ್ದಿತು. ಮಗು ಉಳಿಯಲಿಲ್ಲ. ತಾಯಿ ಕ್ಯಾಂಡಿ ಲೈಟ್ನರ್ ಅದೇ ವರ್ಷ ಕುಡಿದು ವಾಹನ ಓಡಿಸುವವರ ವಿರುದ್ಧ ತಾಯಂದಿರ ಸಂಘಟನೆ ಕಟ್ಟಿದಳು. ಅದರ ಚಿಕ್ಕ ಹೆಸರು 'ಮ್ಯಾಡ್'. ನಾಲ್ಕೇ ವರ್ಷಗಳಲ್ಲಿ ಆ ತಾಯಂದಿರು ದೇಶದ ಕಾನೂನನ್ನು ಬದಲಾಯಿಸಿದರು. ಆಗ ಸಾರಿಗೆ ಸಚಿವೆಯಾಗಿದ್ದವಳು ಎಲಿಜಬೆತ್ ಡೋಲ್, ಎರಡನೆಯ ಹೆಂಗಸು. ಅಧ್ಯಕ್ಷ ರೇಗನ್‌ಗೆ ಮೊದಲು ಇದು ಇಷ್ಟವಿರಲಿಲ್ಲ, ರಾಜ್ಯಗಳ ವಿಷಯದಲ್ಲಿ ಕೇಂದ್ರ ಕೈ ಹಾಕಬಾರದು ಎನ್ನುವವರು ಅವರು. ಕೊನೆಗೆ 1984ರ ಜುಲೈಯಲ್ಲಿ ಸಹಿ ಹಾಕಿದರು. ಕಾನೂನಿನ ಉಪಾಯ ನೋಡಿ. 21 ಮಾಡಲೇಬೇಕು ಎಂದು ಅದು ಹೇಳಲಿಲ್ಲ. ಮಾಡದಿದ್ದರೆ ಹೆದ್ದಾರಿಗೆ ಕೊಡುವ ಹಣದಲ್ಲಿ ಮೊದಲ ವರ್ಷ ಶೇ. 5, ಆಮೇಲೆ ಶೇ. 10 ಕಡಿತ ಎಂದಿತು. 1988ರ ಹೊತ್ತಿಗೆ ಎಲ್ಲ 50 ರಾಜ್ಯಗಳೂ 21ಕ್ಕೆ ಬಂದಿದ್ದವು. ರಸ್ತೆಯ ಹಣ ಯಾರಿಗೆ ಬೇಡ?

ದಕ್ಷಿಣ ಡಕೋಟ ರಾಜ್ಯ ಮಾತ್ರ ಕೋರ್ಟಿಗೆ ಹೋಯಿತು. ಅಲ್ಲಿ 19ರವರಿಗೆ ಕಡಿಮೆ ಆಲ್ಕೋಹಾಲಿನ ಬಿಯರ್ ಕೊಡುತ್ತಿದ್ದರು. 1987ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಕೇಂದ್ರದ ಪರವಾಗಿ ನಿಂತರು. ಒಪ್ಪದ ಇಬ್ಬರಲ್ಲಿ ಒಬ್ಬರು ಸಾಂಡ್ರಾ ಡೇ ಓಕಾನರ್, ಆ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ, ನಮ್ಮ ಕಥೆಯ ಮೂರನೆಯವರು. ಅವರ ವಾದದಲ್ಲಿ ತೂಕವಿದೆ. ರಸ್ತೆಯ ಸುರಕ್ಷತೆಯೇ ಗುರಿಯಾದರೆ, ಕಾರು ಮುಟ್ಟದ 20ರ ಯುವಕನನ್ನೂ ಈ ನಿಯಮ ತಡೆಯುತ್ತದೆ, ಕುಡಿದು ಓಡಿಸುವ 40ರವನನ್ನು ಬಿಟ್ಟುಬಿಡುತ್ತದೆ. ಗುರಿಗೂ ಬಾಣಕ್ಕೂ ಹೊಂದಿಕೆಯಿಲ್ಲ ಎಂಬ ಧಾಟಿ.

ನಾನು ಇದನ್ನು ಓದಿ ನಿಂತದ್ದು ಇನ್ನೊಂದು ಸಂಗತಿಯ ಹತ್ತಿರ. ಕ್ಯಾರಿಯನ್ನು ಗುದ್ದಿದವನು ಹುಡುಗನಲ್ಲ. ನಡುವಯಸ್ಸಿನವನು. ಅದಕ್ಕೂ ಮೊದಲೇ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದವನು. ಅವನಿಗೆ ಯಾವ ವಯಸ್ಸಿನ ಕಾನೂನೂ ಅಡ್ಡಬರುತ್ತಿರಲಿಲ್ಲ. ಕ್ಯಾಂಡಿ ಲೈಟ್ನರ್ 1985ರಲ್ಲೇ ತಾನು ಕಟ್ಟಿದ ಸಂಘಟನೆಯಿಂದ ಹೊರಬಂದಳು. ತನ್ನ ಜಗಳ ಕುಡಿದು ಓಡಿಸುವವರ ಮೇಲೆ, ಕುಡಿತದ ಮೇಲಲ್ಲ ಎಂದು ಆಮೇಲೆ ಹೇಳಿದಳು.

ಹಾಗಾದರೆ 21ರ ಕಾನೂನು ವ್ಯರ್ಥವೇ? ಅಲ್ಲ. ವಯಸ್ಸು ಏರಿಸಿದ ಮೇಲೆ ಎಳೆಯ ಚಾಲಕರ ಕುಡಿತದ ಅಪಘಾತಗಳು ಅಲ್ಲಿ ಇಳಿದವು. ವರ್ಷಕ್ಕೆ ನೂರಾರು ಜೀವ ಉಳಿಯುತ್ತಿದೆ ಎಂದು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯ ಅಂದಾಜು. ಇಡೀ ಇಳಿಕೆ ಇದರಿಂದಲೇ ಆದದ್ದಲ್ಲ. ಸೀಟು ಬೆಲ್ಟು, ಪೊಲೀಸರ ಉಸಿರು ಪರೀಕ್ಷೆ ಎಲ್ಲವೂ ಜೊತೆಗಿದ್ದವು. ಆದರೂ ತಾಯಿಯಾಗಿ ನಾನು ಆ ನೂರಾರನ್ನು ಬಿಟ್ಟು ಮಾತಾಡಲಾರೆ.

ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು. 2008ರಲ್ಲಿ ಅಲ್ಲಿನ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು, 21ರ ವಯಸ್ಸಿನ ಬಗ್ಗೆ ಮತ್ತೆ ಚರ್ಚೆಯಾಗಲಿ ಎಂಬ ಹೇಳಿಕೆಗೆ ಸಹಿ ಹಾಕಿದರು. ಮಿಡಲ್‌ಬರಿ ಕಾಲೇಜಿನ ಮುಖ್ಯಸ್ಥರಾಗಿದ್ದ ಜಾನ್ ಮೆಕಾರ್ಡೆಲ್ ಅದರ ಮುಂದಾಳು. ಕಾನೂನಿನಿಂದ ಕುಡಿತ ನಿಂತಿಲ್ಲ, ಬಾಗಿಲ ಹಿಂದಕ್ಕೆ ಹೋಗಿದೆ, ಹಾಸ್ಟೆಲ್ ಕೋಣೆಯಲ್ಲಿ ಗಡಿಬಿಡಿಯಿಂದ ಸುರಿದುಕೊಳ್ಳುತ್ತಾರೆ ಎಂಬುದು ಅವರ ದೂರು. ಜೊತೆಗಾರ ಮೂರ್ಛೆ ಹೋದರೂ ಆಂಬುಲೆನ್ಸ್ ಕರೆಯಲು ಹೆದರುತ್ತಾರೆ. ಇದು ಸುಳ್ಳಲ್ಲ. ಹಾಸ್ಟೆಲಿನಲ್ಲಿ ಮಕ್ಕಳಿರುವವರು ಇದನ್ನು ಮರೆಯಬೇಡಿ. ಆಂಬುಲೆನ್ಸ್ ಕರೆದರೆ ಬೈಯುವುದಿಲ್ಲ ಎಂಬ ಒಂದು ಮಾತನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಯುರೋಪಿನವರ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಇದೆ. ಅಲ್ಲಿ ಮಕ್ಕಳಿಗೆ ಊಟದ ಜೊತೆ ಒಂದು ಗುಟುಕು ವೈನ್ ಕೊಟ್ಟು ಬೆಳೆಸುತ್ತಾರೆ, ಅದಕ್ಕೇ ಅವರು ದೊಡ್ಡವರಾದ ಮೇಲೆ ಹಿತಮಿತವಾಗಿ ಕುಡಿಯುತ್ತಾರೆ ಎಂದು. ಹೋಗಿಬಂದ ಮಕ್ಕಳು ಇದನ್ನು ತುಂಬಾ ಹೇಳುತ್ತಾರೆ. ಜರ್ಮನಿಯಲ್ಲಿ ಇವತ್ತಿಗೂ ಬಿಯರ್, ವೈನಿಗೆ 16, ಖಡಕ್ ಮದ್ಯಕ್ಕೆ 18. ಅಪ್ಪ-ಅಮ್ಮ ಜೊತೆಗಿದ್ದರೆ 14ರ ಮಗುವೂ ಬಿಯರ್ ಕುಡಿಯಬಹುದು ಎಂಬ ನಿಯಮ ಅಲ್ಲಿನದು, ಅದನ್ನು ತೆಗೆಯಬೇಕೆಂಬ ಒತ್ತಾಯವೂ ಅಲ್ಲೇ ಎದ್ದಿದೆ. ಆದರೆ ಉಳಿದವರು ಯಾವ ದಿಕ್ಕಿಗೆ ಹೊರಟಿದ್ದಾರೆ ನೋಡಿ. ವೈನಿನ ತವರಾದ ಫ್ರಾನ್ಸ್ 2009ರಲ್ಲಿ ಮಾರಾಟದ ವಯಸ್ಸನ್ನು 16ರಿಂದ 18 ಮಾಡಿತು. ಇಟಲಿ 2012ರಲ್ಲಿ, ನೆದರ್ಲೆಂಡ್ಸ್ 2014ರ ಜನವರಿ 1ರಿಂದ, ಪೋರ್ಚುಗಲ್ 2015ರಲ್ಲಿ ಎಲ್ಲ ಮದ್ಯಕ್ಕೂ 18. ಲಿಥುವೇನಿಯಾ 2018ರಲ್ಲಿ 20ಕ್ಕೇ ಹೋಯಿತು. ಗುಟುಕು ಕೊಟ್ಟು ಕಲಿಸುವ ಪದ್ಧತಿ ಅಷ್ಟು ಚೆನ್ನಾಗಿದ್ದರೆ ಇವರೆಲ್ಲ ಯಾಕೆ ಏರಿಸುತ್ತಿದ್ದರು? ಇಳಿಸಿದವರಲ್ಲಿ ನ್ಯೂಜಿಲೆಂಡ್ ಇದೆ, 1999ರಲ್ಲಿ 20ರಿಂದ 18. ಅದನ್ನು ಮತ್ತೆ ಏರಿಸಬೇಕೋ ಬೇಡವೋ ಎಂದು 2012ರಲ್ಲಿ ಸಂಸತ್ತಿನಲ್ಲಿ ಮತಕ್ಕೆ ಹಾಕಿದರು, 18ರಲ್ಲೇ ಉಳಿಯಿತು. ಜಪಾನಿನವರು 2022ರಲ್ಲಿ ಪ್ರಾಯಕ್ಕೆ ಬರುವ ವಯಸ್ಸನ್ನು 18ಕ್ಕೆ ಇಳಿಸಿದರೂ ಮದ್ಯಕ್ಕೆ 20 ಹಾಗೇ ಇಟ್ಟುಕೊಂಡರು. ನನಗೆ ಜಪಾನಿನವರ ಬುದ್ಧಿ ಹಿಡಿಸಿತು. ಎಲ್ಲಕ್ಕೂ ಒಂದೇ ವಯಸ್ಸು ಇರಬೇಕೆಂದು ಎಲ್ಲಿ ಬರೆದಿದೆ? ನಮ್ಮಲ್ಲಿ ಮತ ಹಾಕಲು 18, ಲೋಕಸಭೆಗೆ ನಿಲ್ಲಲು 25, ರಾಜ್ಯಸಭೆಗೆ 30, ರಾಷ್ಟ್ರಪತಿಯಾಗಲು 35. ಮತ ಹಾಕಿದೆ, ನನ್ನನ್ನು ರಾಷ್ಟ್ರಪತಿ ಮಾಡಿ ಎಂದು ಯಾರೂ ಹಟ ಹಿಡಿಯುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ದೇಶ ಐಸ್‌ಲ್ಯಾಂಡ್. ನಮ್ಮ ಒಂದು ತಾಲೂಕಿನಷ್ಟು ಜನ, ಅಷ್ಟೇ. 1998ರಲ್ಲಿ ಅಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಶೇ. 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ಏನು ಮಾಡಿದರು? ಕಾನೂನಿನ ವಯಸ್ಸು ಆಗಲೂ 20, ಈಗಲೂ 20. ಅದನ್ನು ಮುಟ್ಟಲೇ ಇಲ್ಲ. ಶಾಲೆ ಶಾಲೆಯಲ್ಲಿ ಮಕ್ಕಳನ್ನು ಹೆಸರು ಕೇಳದೆ ಸಮೀಕ್ಷೆ ಮಾಡಿ, ಆ ಶಾಲೆಯ ಫಲಿತಾಂಶವನ್ನು ಆ ಶಾಲೆಯ ತಂದೆ-ತಾಯಿಯರ ಮುಂದೆಯೇ ಇಟ್ಟರು. ಬೇರೆಯವರ ಮಕ್ಕಳ ಕಥೆಯಲ್ಲ, ನಿಮ್ಮದೇ. ಆಟ, ಸಂಗೀತದ ತರಗತಿಗಳಿಗೆ ಸರಕಾರವೇ ಕೂಪನ್ ಕೊಟ್ಟಿತು. ಚಳಿಗಾಲದಲ್ಲಿ 13ರಿಂದ 16ರ ಮಕ್ಕಳು ರಾತ್ರಿ ಹತ್ತರ ನಂತರ ದೊಡ್ಡವರಿಲ್ಲದೆ ಹೊರಗೆ ಇರುವಂತಿಲ್ಲ ಎಂಬ ನಿಯಮವನ್ನು ನಿಜಕ್ಕೂ ಪಾಲಿಸಿದರು. ಹದಿಹರೆಯದ ಮಕ್ಕಳ ಪಾರ್ಟಿಗೆ ಮದ್ಯ ಕೊಡಿಸುವುದಿಲ್ಲ ಎಂಬಂಥ ಒಪ್ಪಂದಗಳಿಗೆ ತಂದೆ-ತಾಯಿಯರು ಒಟ್ಟಾಗಿ ಸಹಿ ಹಾಕಿದರು. ವಾರಾಂತ್ಯದ ರಾತ್ರಿ ಸರದಿಯ ಮೇಲೆ ಅಪ್ಪ-ಅಮ್ಮಂದಿರು ಬೀದಿಯಲ್ಲಿ ಗಸ್ತು ತಿರುಗಿದರು. ಬೈಯಲಿಕ್ಕಲ್ಲ, ಕಣ್ಣಿಗೆ ಬೀಳಲಿಕ್ಕೆ.

ಅಂದರೆ ಸಂಖ್ಯೆ ಒಂದೇ ಇದ್ದಾಗಲೂ ಶೇ. 42 ಇತ್ತು, ಶೇ. 5 ಕೂಡ ಆಯಿತು. ಸಂಖ್ಯೆಯ ಸುತ್ತ ಯಾರು ನಿಂತಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿತ್ತು.

ಇದನ್ನು ಇಟ್ಟುಕೊಂಡು ಪುಣೆಗೆ ಬರುತ್ತೇನೆ. 2024ರ ಮೇ 19ರ ನಡುರಾತ್ರಿ ಕಲ್ಯಾಣಿ ನಗರದಲ್ಲಿ ನಡೆದದ್ದು ಇಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಎಳೆಯ ಇಂಜಿನಿಯರುಗಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಅಲ್ಲೇ ಹೋದರು. ಅದಕ್ಕೆ ಮೊದಲು ಅವನ ಗುಂಪಿಗೆ ಎರಡು ಕಡೆ ಮದ್ಯ ಸಿಕ್ಕಿತ್ತು ಎಂದು ಪೊಲೀಸರು ಕೇಸು ಹಾಕಿದರು. ಮೊದಲ ದಿನದ ಜಾಮೀನಿನಲ್ಲಿ 300 ಶಬ್ದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ಇತ್ತು. ಇಡೀ ದೇಶ ಸಿಟ್ಟಾದದ್ದು ಆ ಪ್ರಬಂಧದ ಮೇಲೆ. ನನಗೆ ನಿದ್ದೆ ಕೆಡಿಸಿದ್ದು ಬೇರೆ. ನಮ್ಮ ರಾಜ್ಯದ ವಯಸ್ಸು ದೇಶದಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. ಜರ್ಮನಿಯ ಖಡಕ್ ಮದ್ಯದ 18 ಇದ್ದರೂ ಅವನಿಗೆ ಕೊಡುವಂತಿರಲಿಲ್ಲ, ನಮ್ಮ 21, 25 ಇದ್ದಾಗಲೂ ಕೊಡುವಂತಿರಲಿಲ್ಲ. ಕಾನೂನಿನ ಪುಸ್ತಕದಲ್ಲಿ 25 ಬರೆದು, ಮೇಜಿನ ಹತ್ತಿರ ಯಾರೂ ಕೇಳದಿದ್ದರೆ ಆ 25 ಯಾರಿಗೆ?

ನನ್ನ ಅನುಭವದಲ್ಲಿ 25 ಎಂಬುದೇ ಆ 'ಯಾರೂ ಕೇಳದಿರುವುದನ್ನು' ಬೆಳೆಸುತ್ತದೆ. 24ರ ಡಾಕ್ಟರ್, 24ರ ಜವಾನ, ಮದುವೆಯಾಗಿ ಮಗುವಿರುವ 24ರ ಹೆಂಗಸು, ಇವರನ್ನು ತಡೆಯುವುದು ನ್ಯಾಯ ಎಂದು ವೇಟರಿಗೂ ಅನಿಸುವುದಿಲ್ಲ, ತಪಾಸಣೆಗೆ ಬಂದವರಿಗೂ ಅನಿಸುವುದಿಲ್ಲ. ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ 24ರಲ್ಲಿ ಶುರುವಾದರೆ 20ಕ್ಕೆ ಬರುತ್ತದೆ, 20ರಿಂದ 17ಕ್ಕೆ ಬರಲು ಎಷ್ಟು ಹೊತ್ತು? ಹಾಗೆಂದು 18 ಮಾಡಿ ಎನ್ನುವವಳೂ ನಾನಲ್ಲ. 18ರವರು ಇನ್ನೂ ಜೂನಿಯರ್ ಕಾಲೇಜಿನ ಮಕ್ಕಳ ಜೊತೆಯಲ್ಲೇ ಇರುತ್ತಾರೆ. ಅವರ ಕೈಗೆ ಬಾಟಲಿ ಬಂತೆಂದರೆ 16ರವರ ಕೈಗೂ ಬಂದ ಹಾಗೆ. ಎಲ್ಲ ಮದ್ಯಕ್ಕೂ, ಎಲ್ಲ ರಾಜ್ಯಕ್ಕೂ 21 ಇರಲಿ, ಅದನ್ನು ಬಿಡದೆ ಹಿಡಿಯಲಿ. ನಮ್ಮ ಹೋಟೆಲಿನವರಲ್ಲೇ ಇದಕ್ಕೆ ಒಪ್ಪದವರಿದ್ದಾರೆ, ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ವ್ಯಾಪಾರ 18 ಕೇಳುತ್ತದೆ, ಸರಕಾರದ ತೆರಿಗೆಯೂ ಅದನ್ನೇ ಕೇಳುತ್ತದೆ.

ಹಿಡಿಯುವುದು ಹೇಗೆ ಎಂದರೆ ಇಂಗ್ಲೆಂಡಿನ ಅಂಗಡಿಗಳದ್ದು ಒಳ್ಳೆಯ ಉಪಾಯ. ಅಲ್ಲಿ ವಯಸ್ಸು 18. ಆದರೆ 25ಕ್ಕಿಂತ ಚಿಕ್ಕವರಂತೆ ಕಂಡ ಯಾರನ್ನೇ ಆಗಲಿ ಕಾರ್ಡು ಕೇಳಿಯೇ ಕೊಡುವುದು. 'ಚಾಲೆಂಜ್ 25' ಎಂದು ಬೋರ್ಡೇ ಹಾಕಿರುತ್ತಾರೆ. ಇದರಲ್ಲಿ ಸಂಶಯ, ಅವಮಾನದ ಮಾತೇ ಬರುವುದಿಲ್ಲ. ಕೇಳುವವನು ವೇಟರ್ ಅಲ್ಲ, ಬೋರ್ಡು. ನಮ್ಮಲ್ಲಿ ಈಗ ಅಂಥದೇ ಒಂದು ಬೋರ್ಡು ಗಲ್ಲಾದ ಮೇಲೆ, ಇನ್ನೊಂದು ಮೆನು ಕಾರ್ಡಿನ ಮೊದಲ ಪುಟದಲ್ಲಿ ಇದೆ, ಮರಾಠಿ, ಇಂಗ್ಲಿಷ್ ಎರಡರಲ್ಲೂ. 30ರ ಒಳಗಿನವರಂತೆ ಕಂಡರೆ ಕಾರ್ಡು. ಮೊಬೈಲಿನ ಫೋಟೋ ನಡೆಯುವುದಿಲ್ಲ. ಹುಡುಗಿಯರ ಮೇಜು, ಹುಡುಗರ ಮೇಜು ಎಂಬ ಭೇದವಿಲ್ಲ. ಮೊದಲ ಎರಡು ತಿಂಗಳು ಗಿರಾಕಿ ಕಡಿಮೆಯಾದರು, ಸುಳ್ಳು ಹೇಳುವುದಿಲ್ಲ. ಆಮೇಲೆ ಕುಟುಂಬದವರು ಬರುವುದು ಸ್ವಲ್ಪ ಹೆಚ್ಚಾಯಿತು.

ಮನೆಯ ವಿಷಯಕ್ಕೂ ಕಾನೂನು ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಸಲಹೆಯಿಲ್ಲದೆ 18ರೊಳಗಿನ ಮಗುವಿಗೆ ಮದ್ಯ ಕೊಟ್ಟವರಿಗೆ, ಕೊಡಿಸಿದವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರು ಬಾರ್ ಮಾಲೀಕರಾಗಿರಬೇಕು ಎಂದೇನಿಲ್ಲ. ಮದುವೆಯ ಹಿಂದಿನ ರಾತ್ರಿ "ಗಂಡುಮಗ, ಒಂದು ಗುಟುಕು ಕುಡಿಯಲಿ ಬಿಡಿ" ಎನ್ನುವ ಚಿಕ್ಕಪ್ಪಂದಿರು, ಡಿಸೆಂಬರ್ 31ಕ್ಕೆ ಸೊಸೈಟಿಯ ಟೆರೇಸಿನಲ್ಲಿ ಬಾಟಲಿ ತೆರೆದಿಟ್ಟು ಮಕ್ಕಳತ್ತ ಬೆನ್ನು ಮಾಡುವ ನಾವು, ಎಲ್ಲರೂ ಇದರೊಳಗೆ ಬರುತ್ತೇವೆ. ಹಾಗೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮು. ಚಿಕ್ಕ ವಯಸ್ಸಿನ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಈ ಸಲ ಡಿಸೆಂಬರಿನ ಪಾರ್ಟಿಗೆ ನಮ್ಮ ಸೊಸೈಟಿಯ ಅಮ್ಮಂದಿರು ಹನ್ನೆರಡು ಮನೆಯವರು ಸೇರಿ ಒಂದು ಕಾಗದಕ್ಕೆ ಸಹಿ ಹಾಕಿದ್ದೇವೆ, ಐಸ್‌ಲ್ಯಾಂಡಿನವರ ಹಾಗೆ. ಅದರ ನಕಲು ಬೇಕಾದವರು ಚಹಾದ ಹೊತ್ತಿಗೆ ನನ್ನ ಹತ್ತಿರ ಕೇಳಿ.

ಮತ್ತೆ ನಿಮ್ಮ ಮಕ್ಕಳು ನಮ್ಮಲ್ಲಿಗೆ ಬಂದಾಗ ಕಾರ್ಡು ಕೇಳಿದರೆ, ದಯವಿಟ್ಟು ಮರುದಿನ ಫೋನು ಮಾಡಿ ಆ ವೇಟರ್ ಹುಡುಗನನ್ನು ಬೈಯಬೇಡಿ. ಬೈಯಲೇಬೇಕಾದರೆ ಗಲ್ಲಾದಲ್ಲಿ ನಾನಿರುತ್ತೇನೆ, ಸೋಮವಾರದಿಂದ ಗುರುವಾರ, ಸಂಜೆ ಆರರ ಮೇಲೆ.